ಐಕಾನ್ ಅಳಿಸಿದರೆ ಟ್ಯಾಲಿ ಹೋಗಲ್ಲ ಮೇಡಂ

ಯಡಿಯೂರು ಕೆರೆಯಿಂದ ಕೂಗಳತೆಯಲ್ಲಿ ಒಂದು ಆಡಿಟರ್ ಆಫೀಸು. ಅಲ್ಲಿನ 12 ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಹಿರಿಯ ಅಕೌಂಟೆಂಟ್ ಮೇಡಂ ತಮ್ಮ ಪರದೆಗೆ ರಾಯರ ಬೃಂದಾವನದ ಚಿತ್ರ ಹಾಕಿಕೊಂಡಿದ್ದರು. ಅದರ ಮೇಲೆ 32 ಐಕಾನ್. ಒಂದನ್ನು ಅಳಿಸಹೋದೆ. "ಬೇಡ ಸಾರ್, ಟ್ಯಾಲಿ ಹೋಗ್ಬಿಡತ್ತೆ!" ಅಂದರು. ಇಂಥ ಮಾತು ಬಹಳ ಕಡೆ ಕೇಳಿದ್ದೇನೆ.

ತಪ್ಪು ಕಲ್ಪನೆ 1: ಐಕಾನ್ ಹೋದರೆ ಸಾಫ್ಟ್‌ವೇರೂ ಹೋಗುತ್ತದೆ.
ವಾಸ್ತವ: ಶಾರ್ಟ್‌ಕಟ್ ಅಂದರೆ ವಿಳಾಸ ಬರೆದ ಚೀಟಿ, ಒಂದೆರಡು ಕಿಲೋಬೈಟ್ ಅಷ್ಟೇ. ವಿಂಡೋಸ್ 95ರಿಂದಲೂ ಅದರ ಮೂಲೆಯಲ್ಲಿ ಪುಟ್ಟ ಬಾಣದ ಗುರುತಿದೆ. ಚೀಟಿ ಹರಿದರೆ ಮನೆ ಬೀಳುವುದಿಲ್ಲ. ಬಾಣವಿಲ್ಲದ್ದು ಮಾತ್ರ ನಿಜವಾದ ಫೈಲೇ ಆಗಿರಬಹುದು, ನೋಡಿಕೊಂಡು ಮುಟ್ಟಿ.

ತಪ್ಪು ಕಲ್ಪನೆ 2: ನನ್ನ ಡೆಸ್ಕ್‌ಟಾಪ್‌ನಲ್ಲಿ ಇರುವುದೆಲ್ಲ ನನ್ನದೇ.
ವಾಸ್ತವ: ಪರದೆಯಲ್ಲಿ ಕಾಣುವುದು ಎರಡು ಫೋಲ್ಡರ್‌ಗಳ ಸರಕು. ಒಂದು ನಿಮ್ಮ ಲಾಗಿನ್‌ನದು, ಇನ್ನೊಂದು ಎಲ್ಲರಿಗೂ ಸೇರಿದ 'ಪಬ್ಲಿಕ್ ಡೆಸ್ಕ್‌ಟಾಪ್'. ಎರಡನೆಯದರಿಂದ ತೆಗೆಯಲು ಅಡ್ಮಿನ್ ಅನುಮತಿ ಬೇಕು. ತೆಗೆದರೆ ಆ ಯಂತ್ರ ಬಳಸುವ ಎಲ್ಲರ ಪರದೆಯಿಂದಲೂ ಹೋಗುತ್ತದೆ.

ತಪ್ಪು ಕಲ್ಪನೆ 3: ಸೈಲೆಂಟ್ ಇನ್‌ಸ್ಟಾಲ್ ಮಾಡಿದರೆ ಐಕಾನ್ ಬರುವುದಿಲ್ಲ.
ವಾಸ್ತವ: ಸೈಲೆಂಟ್ ಅಂದರೆ ಇನ್‌ಸ್ಟಾಲರ್ ಪ್ರಶ್ನೆ ಕೇಳುವುದಿಲ್ಲ, ಕಂಪನಿ ಮೊದಲೇ ಬರೆದಿಟ್ಟ ಉತ್ತರವನ್ನೇ ಹಾಕಿಕೊಳ್ಳುತ್ತದೆ. ಆ ಉತ್ತರ ಸಾಮಾನ್ಯವಾಗಿ 'ಐಕಾನ್ ಇರಲಿ'. ಬೇಡವಾದರೆ ಬಾಯಿಬಿಟ್ಟು ಹೇಳಬೇಕು. ಲಿಬ್ರೆಆಫೀಸ್‌ನ ಎಂಎಸ್‌ಐ (ವಿಂಡೋಸ್ ಇನ್‌ಸ್ಟಾಲರ್) ಕಡತಕ್ಕೆ ಕಮಾಂಡ್ ಸಾಲಿನಲ್ಲೇ 'ಕ್ರಿಯೇಟ್‌ಡೆಸ್ಕ್‌ಟಾಪ್‌ಲಿಂಕ್=0' ಎಂದು ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಜಾಗ ಬಿಡದೆ ಕೊಟ್ಟರೆ ಸಾಕು. ಫೈರ್‌ಫಾಕ್ಸ್‌ಗೂ ಇಂಥದೇ ಸೂಚನೆ ಇದೆ. ಕ್ರೋಮ್‌ಗೆ 'ಇನಿಷಿಯಲ್ ಪ್ರಿಫರೆನ್ಸಸ್' ಎಂಬ ಪುಟ್ಟ ಕಡತದಲ್ಲಿ ಬರೆದಿಡಬೇಕು. ಒಂದೊಂದಕ್ಕೆ ಒಂದೊಂದು ಪದ. ಒಂದರದ್ದು ಇನ್ನೊಂದಕ್ಕೆ ನಡೆಯುವುದಿಲ್ಲ.

ತಪ್ಪು ಕಲ್ಪನೆ 4: ಅಂಥ ಸೂಚನೆ ಇಲ್ಲದಿದ್ದರೆ ಇನ್‌ಸ್ಟಾಲರ್ ಕಡತವನ್ನೇ ತಿದ್ದಬೇಕು.
ವಾಸ್ತವ: ಎಂಎಸ್‌ಐ ಕಡತದೊಳಗೆ 'ಶಾರ್ಟ್‌ಕಟ್' ಎಂಬ ಕೋಷ್ಟಕವೇ ಇರುತ್ತದೆ. ಮೈಕ್ರೋಸಾಫ್ಟ್‌ನ ಓರ್ಕಾ ಎಂಬ ಉಪಕರಣದಲ್ಲಿ ತೆರೆದರೆ ಡೆಸ್ಕ್‌ಟಾಪ್‌ನ ಸಾಲು ಕಣ್ಣಿಗೆ ಬೀಳುತ್ತದೆ. ಆದರೆ ಮೂಲ ಕಡತಕ್ಕೆ ಕೈ ಹಾಕಿದರೆ ಕಂಪನಿಯ ಡಿಜಿಟಲ್ ಸಹಿ ಕೆಡುತ್ತದೆ. ಬದಲಾವಣೆಯನ್ನು ಎಂಎಸ್‌ಟಿ ಎಂಬ ಪ್ರತ್ಯೇಕ ಕಡತದಲ್ಲಿ ಉಳಿಸಿ, ಇನ್‌ಸ್ಟಾಲ್ ಮಾಡುವಾಗ ಜೊತೆಗೆ ಕೊಡುವುದೇ ಸರಿ. ಅಡೋಬಿಯ ಅಕ್ರೋಬ್ಯಾಟ್‌ಗೆ ಈ ಎಂಎಸ್‌ಟಿ ಕಡತ ಮಾಡಿಕೊಡುವ ಕಸ್ಟಮೈಸೇಷನ್ ವಿಜಾರ್ಡೇ ಇದೆ.

ತಪ್ಪು ಕಲ್ಪನೆ 5: ಒಮ್ಮೆ ತೆಗೆದರೆ ಮತ್ತೆ ಬರುವುದಿಲ್ಲ.
ವಾಸ್ತವ: ಅಪ್‌ಡೇಟ್ ಅಥವಾ ರಿಪೇರಿ ಆದಾಗ ಕೆಲವು ಸಾಫ್ಟ್‌ವೇರ್‌ಗಳು ಐಕಾನ್ ಮತ್ತೆ ಹಾಕುತ್ತವೆ. ಡೊಮೇನ್ ಇರುವ, ಅಂದರೆ ಎಲ್ಲ ಯಂತ್ರಗಳೂ ಒಂದೇ ಸರ್ವರಿನ ಹಿಡಿತದಲ್ಲಿರುವ ಆಫೀಸಿನಲ್ಲಿ ಗ್ರೂಪ್ ಪಾಲಿಸಿಯ ಮೂಲಕ 'ಈ ಶಾರ್ಟ್‌ಕಟ್ ಕಂಡರೆ ಅಳಿಸು' ಎಂದು ಬರೆದಿಡಬಹುದು. ಸಣ್ಣ ಆಫೀಸಿಗೆ ಅದೇ ಕೆಲಸ ಮಾಡುವ ಒಂದು ಬ್ಯಾಚ್ ಫೈಲ್ ಸಾಕು.

ಆದರೆ ಯಾವುದು ಬೇಡ ಅನ್ನುವ ತೀರ್ಮಾನ ನನ್ನದಲ್ಲ, ದಿನವೂ ಅಲ್ಲಿ ಕೂರುವವರದು. ಉಳಿಯಬೇಕಾದವನ್ನು ಮೇಡಂ ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಟ್ಯಾಲಿ, ನುಡಿ, ಎಕ್ಸೆಲ್, ಪ್ರಿಂಟರ್. ಅದರ ಪ್ರಕಾರ ಮಿಕ್ಕ ಐಕಾನ್ ತೆಗೆದು, 12 ಯಂತ್ರಗಳ ಇನ್‌ಸ್ಟಾಲ್ ಸಾಲುಗಳನ್ನೂ ತಿದ್ದಿದೆ. ಸಂಜೆ ಮೇಡಂ ಮೊದಲು ಟ್ಯಾಲಿ ತೆರೆದು ನೋಡಿದರು, ಆಮೇಲೆ ಮುಚ್ಚಿ ರಾಯರಿಗೆ ಕೈ ಮುಗಿದರು.