‘ಗೆದ್ದರೆ ಇಷ್ಟು ಪರ್ಸೆಂಟ್’ ಎಂದರೆ ಸಹಿ ಹಾಕಬೇಡಿ

ಮಂಗಳೂರಿನಿಂದ ಶಿವಮೊಗ್ಗ, ಹೊಳಲ್ಕೆರೆ ದಾಟಿ ಚಿತ್ರದುರ್ಗ ಸೇರುವ ದಾರಿಯಲ್ಲೋ, ಹಿರಿಯೂರಿನ ಮೇಲೆ ಹಾದು ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲೋ ಲಾರಿ ಓಡಿಸುವವರು ನಮ್ಮಲ್ಲೂ ಇದ್ದಾರೆ. ಅಪಘಾತದಲ್ಲಿ ದುಡಿಯುವ ಕೈಯನ್ನೇ ಕಳಕೊಂಡ ಮನೆಗೆ ಕೆಲವು ದಿನದಲ್ಲೇ ಯಾರೋ ಬರುವುದುಂಟು. ‘ಕೈಯಿಂದ ಒಂದು ಪೈಸೆ ಕೊಡುವುದು ಬೇಡ. ಪರಿಹಾರ ಬಂದ ಮೇಲೆ ನೂರಕ್ಕೆ ಇಷ್ಟು ಅಂತ ವಕೀಲರಿಗೆ ಕೊಟ್ಟರೆ ಸಾಕು’ ಅಂತಾರೆ. ಕಾಸಿಲ್ಲದ ಮನೆಯವರಿಗೆ ಇದು ಉಪಕಾರದ ಹಾಗೇ ಕಾಣುತ್ತದೆ.

ಅಮೆರಿಕದಲ್ಲಿ ಇಂಥ ಒಪ್ಪಂದ ಕಾನೂನುಬದ್ಧ. ನಮ್ಮಲ್ಲಿ ಅಲ್ಲ. ಕೇಸಿನ ಫಲಿತಾಂಶ ನೋಡಿ ಫೀಸು ನಿಗದಿ ಮಾಡಬಾರದು, ಬಂದ ಹಣದಲ್ಲಿ ಪಾಲು ಕೇಳಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ 20ನೇ ನಿಯಮವೇ ಹೇಳುತ್ತದೆ. ವಕೀಲರು ಹೀಗೆ ಮಾಡಿದರೆ ಅದು ವೃತ್ತಿ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಆದರೂ ಪದ್ಧತಿ ನಿಂತಿಲ್ಲ.

2017ರ ಡಿಸೆಂಬರಿನಲ್ಲಿ ಅದೇ ಕೋರ್ಟಿನಲ್ಲಿ ತೀರ್ಮಾನವಾದ ಕೇಸನ್ನು ನಮ್ಮ ಹೆಂಗಸರು ತಿಳಿದಿರಬೇಕು. ತೆಲಂಗಾಣದ ಹೆಂಗಸೊಬ್ಬರ ಗಂಡ 1998ರಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡಿದ್ದರು. ಪರಿಹಾರ ಬಂದಾಗ ವಕೀಲರಿಗೆ 10 ಲಕ್ಷ ರೂಪಾಯಿ ಕೊಟ್ಟಾಗಿತ್ತು. ಅದು ಸಾಲದೆ ಇನ್ನೂ 3 ಲಕ್ಷಕ್ಕೆ ಚೆಕ್ಕು ಬರೆಸಿಕೊಂಡರು ಎಂಬುದು ಆಕೆಯ ದೂರು. ಆ ಚೆಕ್ಕು ಬೌನ್ಸ್ ಆಯಿತು. ವಕೀಲರು ಆಕೆಯ ಮೇಲೆಯೇ ಕ್ರಿಮಿನಲ್ ಕೇಸು ಹಾಕಿದರು! ಹೈಕೋರ್ಟಿನಲ್ಲಿ ಆಕೆಗೆ ಪರಿಹಾರ ಸಿಗಲಿಲ್ಲ. ಸುಪ್ರೀಂ ಕೋರ್ಟ್ ಆ ಕೇಸನ್ನೇ ರದ್ದು ಮಾಡಿತು. ಪರ್ಸೆಂಟಿನ ಲೆಕ್ಕದ ಫೀಸು ಸಾರ್ವಜನಿಕ ನೀತಿಗೆ ವಿರುದ್ಧ ಎಂದಿತು.

ಹಾಗಂತ ವಕೀಲರು ಪುಕ್ಕಟೆ ದುಡಿಯಬೇಕು ಅಂತಲ್ಲ. ಗೆದ್ದರೂ ಸೋತರೂ ಒಂದೇ ಮೊತ್ತ ಅಂತ ಮೊದಲೇ ಮಾತಾಡಿ, ಕಂತಿನಲ್ಲಿ ಕೊಡಿ, ಬರೆಸಿಕೊಳ್ಳಿ, ರಶೀದಿ ತೆಗೆದುಕೊಳ್ಳಿ. ಖಾಲಿ ಚೆಕ್ಕು, ಖಾಲಿ ಕಾಗದಕ್ಕೆ ಮಾತ್ರ ಸಹಿ ಬೇಡವೇ ಬೇಡ.

ಫೀಸಿಗೂ ಗತಿಯಿಲ್ಲದಿದ್ದರೆ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರು ಸಿಗುತ್ತಾರೆ. ಚಿತ್ರದುರ್ಗದಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ತಾಲೂಕು ಕಾನೂನು ಸೇವಾ ಸಮಿತಿಯಲ್ಲೇ ವಿಚಾರಿಸಬಹುದು. ಫೋನಿನಲ್ಲಾದರೆ 15100. ಅಪಘಾತ ಹಿರಿಯೂರಿನಲ್ಲಾದರೆ ಕೇಸೂ ಆ ಜಿಲ್ಲೆಯಲ್ಲೇ ಹಾಕಬೇಕೆಂದಿಲ್ಲ. ಮನೆ ಬಂಟ್ವಾಳದಲ್ಲಿದ್ದರೆ ದಕ್ಷಿಣ ಕನ್ನಡದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಇಷ್ಟು ಗೊತ್ತಿದ್ದರೆ ಪ್ರತಿ ವಾಯಿದೆಗೂ ಘಟ್ಟ ಹತ್ತುವುದು ತಪ್ಪುತ್ತದೆ.

ಈಗಾಗಲೇ ಪರ್ಸೆಂಟಿಗೆ ಒಪ್ಪಿದವರು ಗಾಬರಿಯಾಗುವುದು ಬೇಡ. ಫೀಸಿನ ಬಾಕಿ ನೆಪದಲ್ಲಿ ಕೇಸಿನ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫೈಲು ಕೇಳಿ ಪಡೆದು ಬೇರೆಯವರಿಗೆ ಒಪ್ಪಿಸಬಹುದು. ಕೊಡದಿದ್ದರೆ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಲಿಖಿತ ದೂರು ಕೊಡಬಹುದು.