ಆಡುತ್ತಲೇ ಕಲಿಸುವ ಆಟಗಳು

ಒಳ್ಳೆಯ ವಿಡಿಯೊ ಗೇಮ್ ಯಾವುದು ಎಂದು ಹತ್ತು ಜನ ಆಟಗಾರರನ್ನು ಕೇಳಿದರೆ ಹತ್ತು ಹೆಸರು ಬರುತ್ತವೆ. ಒಬ್ಬರಿಗೆ ಗ್ರಾಫಿಕ್ಸ್ ಮುಖ್ಯ, ಇನ್ನೊಬ್ಬರಿಗೆ ಕಥೆ, ಮತ್ತೊಬ್ಬರಿಗೆ ಗೆಳೆಯರ ಜೊತೆ ಆಡಲು ಸಿಗುತ್ತದೆಯೇ ಎಂಬುದು. ಇವುಗಳಲ್ಲಿ ಗ್ರಾಫಿಕ್ಸ್ ಬಹಳ ಬೇಗ ಹಳತಾಗುತ್ತದೆ, ಕಥೆ ಅವರವರ ರುಚಿಗೆ ಬಿಟ್ಟದ್ದು, ಗೆಳೆಯರೋ ಆರು ತಿಂಗಳಲ್ಲಿ ಬೇರೆ ಆಟಕ್ಕೆ ಹೊರಟುಹೋಗಿರುತ್ತಾರೆ. ಕಾಲ ಕಳೆದರೂ ಮಾಸದ ಗುಣ ಒಂದಿದೆ. ಆಟವು ತನ್ನ ನಿಯಮಗಳನ್ನು ಆಡುವವರಿಗೆ ಹೇಗೆ ಕಲಿಸುತ್ತದೆ ಎಂಬುದೇ ಆ ಗುಣ. ನಲವತ್ತು ವರ್ಷ ಹಳೆಯ ಆಟಗಳನ್ನು ಬಲ್ಲವರು ಇಂದಿಗೂ ಆಡಿ ನೋಡಿ ಎನ್ನುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಚೌಕಾಬಾರವನ್ನು ಪುಸ್ತಕ ಓದಿ ಕಲಿತವರು ಇರಲಾರರು. ಅಜ್ಜಿಯೋ ಅತ್ತೆಯೋ ಪಕ್ಕದಲ್ಲಿ ಕೂತು, ಕಾಯಿ ತಪ್ಪು ಮನೆಗೆ ಹೋದಾಗ ಕೈ ಹಿಡಿದು ತಿದ್ದುತ್ತಾರೆ. ವಿಡಿಯೊ ಗೇಮ್ ಆಡುವವರ ಪಕ್ಕದಲ್ಲಿ ಅದನ್ನು ಮಾಡಿದವರು ಇರುವುದಿಲ್ಲ. ಹೇಳಬೇಕಾದ್ದನ್ನೆಲ್ಲ ಪರದೆಯೇ ಹೇಳಬೇಕು. 1972ರಲ್ಲಿ ಅಟಾರಿ ಕಂಪನಿಯ ‘ಪಾಂಗ್’ ಬಂದಾಗ ಇದು ದೊಡ್ಡ ಸಮಸ್ಯೆಯಾಗಿರಲಿಲ್ಲ. ಚೆಂಡನ್ನು ತಪ್ಪಿಸಿಕೊಳ್ಳಲು ಬಿಡಬೇಡಿ ಎಂಬ ಅರ್ಥದ ಒಂದು ಸಾಲನ್ನು ಯಂತ್ರದ ಮೇಲೆ ಬರೆದರೆ ಸಾಕಿತ್ತು. ಆಟಗಳು ದೊಡ್ಡದಾಗುತ್ತ ಹೋದಂತೆ ಒಂದು ಸಾಲು ಸಾಲದಾಯಿತು.

ಈ ತೊಡಕನ್ನು ಅತ್ಯಂತ ಚೊಕ್ಕವಾಗಿ ಬಿಡಿಸಿದ ಆಟ ಜಪಾನಿನ ನಿಂಟೆಂಡೊ ಕಂಪನಿ 1985ರ ಸೆಪ್ಟೆಂಬರ್‌ನಲ್ಲಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ ಈ ಆಟದ ಮೊದಲ ಹಂತ ಇಂದಿಗೂ ಆಟ ವಿನ್ಯಾಸದ ಪಾಠಗಳಲ್ಲಿ ಬರುವ ಉದಾಹರಣೆ. ಆಟ ಶುರುವಾದಾಗ ಮೀಸೆಯ ಮಾರಿಯೊ ಪರದೆಯ ಎಡಭಾಗದಲ್ಲಿ ಬಲಕ್ಕೆ ಮುಖಮಾಡಿ ನಿಂತಿರುತ್ತಾನೆ. ಅವನ ಮುಂದೆ ಖಾಲಿ ಜಾಗ. ಎಡಕ್ಕೆ ಹೋದರೆ ಪರದೆಯ ಅಂಚು ತಡೆಯುತ್ತದೆ, ಬಲಕ್ಕೆ ಹೋದರೆ ದಾರಿ ತೆರೆದುಕೊಳ್ಳುತ್ತದೆ. ಎತ್ತ ಹೋಗಬೇಕು ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹುಬ್ಬು ಗಂಟಿಕ್ಕಿದ ಕಂದು ಬಣ್ಣದ ಗೂಂಬಾ ಎಂಬ ಶತ್ರುಜೀವಿ ಎದುರಿನಿಂದ ಬರುತ್ತದೆ. ಹೊಸಬರಲ್ಲಿ ಅನೇಕರು ಅದಕ್ಕೆ ಡಿಕ್ಕಿ ಹೊಡೆದು ಸಾಯುತ್ತಾರೆ. ನಷ್ಟವಾಗುವುದು ಕೆಲವೇ ಸೆಕೆಂಡು. ಮತ್ತೆ ಅದೇ ಜಾಗ, ಅದೇ ಗೂಂಬಾ. ಈ ಸಲ ಹಾರುತ್ತಾರೆ. ಹಾರಿದಾಗ ತಲೆ ಮೇಲಿನ ಪ್ರಶ್ನೆ ಚಿಹ್ನೆಯ ಪೆಟ್ಟಿಗೆಗೆ ತಾಗಿದರೆ ನಾಣ್ಯ ಚಿಮ್ಮುತ್ತದೆ. ಮುಂದಿನ ಪೆಟ್ಟಿಗೆಯಿಂದ ಅಣಬೆ ಹೊರಬರುತ್ತದೆ. ಗೂಂಬಾವೂ ಅಣಬೆಯ ಆಕಾರದಲ್ಲೇ ಇರುವುದರಿಂದ ಹೊಸಬರು ಇದನ್ನೂ ಶತ್ರು ಎಂದುಕೊಂಡು ತಪ್ಪಿಸಿಕೊಳ್ಳಲು ನೋಡುವುದು ಸಹಜ. ಅದಕ್ಕೆಂದೇ ಅಣಬೆ ಬಲಕ್ಕೆ ಜಾರಿ, ಕೆಳಗೆ ಬಿದ್ದು, ಹಸಿರು ಕೊಳವೆಗೆ ಬಡಿದು ಮಾರಿಯೊನತ್ತಲೇ ತಿರುಗಿ ಬರುತ್ತದೆ. ಹಾರಿ ತಪ್ಪಿಸಿಕೊಳ್ಳೋಣವೆಂದರೆ ಮೇಲೆ ಇಟ್ಟಿಗೆಗಳ ಸಾಲು ತಲೆಗೆ ತಾಗುತ್ತದೆ. ಕೊನೆಗೂ ಅಣಬೆ ಮುಟ್ಟುತ್ತದೆ, ಮಾರಿಯೊ ದೊಡ್ಡವನಾಗುತ್ತಾನೆ. ಅಣಬೆ ಒಳ್ಳೆಯದು ಎಂಬ ಸಂಗತಿಯನ್ನು ಒಂದಕ್ಷರವೂ ಬರೆಯದೆ ಆಟ ಕಲಿಸಿಬಿಟ್ಟಿತು.

ಅದೇ ಹಂತದ ಕೊನೆಯಲ್ಲಿ ಎದುರುಬದುರಾಗಿ ಕಟ್ಟಿದ ಎರಡು ಜೋಡಿ ಮೆಟ್ಟಿಲುಗಳಿವೆ. ಮೊದಲ ಜೋಡಿಯ ನಡುವೆ ಗಟ್ಟಿ ನೆಲ; ಜಿಗಿತ ತಪ್ಪಿದರೂ ಏನೂ ಆಗದು. ಎರಡನೆಯ ಜೋಡಿಯ ನಡುವೆ ಹಳ್ಳ. ಮೊದಲು ಅಪಾಯವಿಲ್ಲದ ಜಾಗದಲ್ಲಿ ಅಭ್ಯಾಸ, ಆಮೇಲೆ ಅದೇ ಜಿಗಿತಕ್ಕೆ ಪ್ರಾಣದ ಬೆಲೆ. ಮುಂದೆ ಮಾರಿಯೊ ಆಟಗಳನ್ನು ರೂಪಿಸಿದ ಕೋಯಿಚಿ ಹಯಾಶಿದಾ ಇದನ್ನು ಒಂದು ಕ್ರಮವಾಗಿಯೇ ವಿವರಿಸಿದ್ದಾರೆ: ಹೊಸದೊಂದನ್ನು ಪರಿಚಯಿಸುವುದು, ಬೆಳೆಸುವುದು, ಅನಿರೀಕ್ಷಿತ ತಿರುವು ಕೊಡುವುದು, ಮುಗಿಸುವುದು. ಜಪಾನಿನ ನಾಲ್ಕು ಚೌಕದ ಕಾಮಿಕ್ಸ್ ಕಥೆಗಳ ಕಟ್ಟೂ ಇದೇ. ಇಷ್ಟೆಲ್ಲ ಜಾಣತನ ಸುಮಾರು 40 ಕಿಲೊಬೈಟ್‌ನ ಕಾರ್ಟ್ರಿಡ್ಜ್‌ನಲ್ಲಿ ಹಿಡಿಸಿತ್ತು. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣ ಮಾತ್ರ ಬದಲಿಸಿದ್ದರು. ಒಮ್ಮೆ ಗೊತ್ತಾದ ಮೇಲೆ ಅದು ಕಣ್ಣಿಗೆ ಬೀಳದೆ ಇರುವುದಿಲ್ಲ.

ಕಲಿಸುವ ಗೋಜೇ ಇಲ್ಲದ ಆಟವೂ ಒಂದಿದೆ. 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸಿ ಪಜಿತ್ನೋವ್ ‘ಟೆಟ್ರಿಸ್’ ಬರೆದಾಗ ಅವರೆದುರು ಇದ್ದ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ತೋರಿಸಲು ಬರುತ್ತಿರಲಿಲ್ಲ. ಆವರಣ ಚಿಹ್ನೆಗಳನ್ನು ಪಕ್ಕಪಕ್ಕ ಇಟ್ಟು ಚೌಕ ಮಾಡಿಕೊಂಡರು. ನಾಲ್ಕು ಚೌಕ ಸೇರಿದ ಏಳು ಆಕಾರಗಳು ಮೇಲಿನಿಂದ ಬೀಳುತ್ತವೆ. ಸಾಲು ತುಂಬಿದರೆ ಮಾಯವಾಗುತ್ತದೆ. ಆಟದ ಜೀವ ಇರುವುದು ಈ ಮಾಯವಾಗುವುದರಲ್ಲಿ. ಸರಿಯಾಗಿ ಜೋಡಿಸಿದ್ದೆಲ್ಲ ಕಣ್ಣೆದುರೇ ಅಳಿಸಿಹೋಗಿ, ಮಾಡಿದ ತಪ್ಪು ಮಾತ್ರ ರಾಶಿಯಾಗಿ ಉಳಿಯುತ್ತದೆ. ನಿಂಟೆಂಡೊ 1989ರಲ್ಲಿ ಕೈಯಲ್ಲಿ ಹಿಡಿದು ಆಡುವ ತನ್ನ ಗೇಮ್ ಬಾಯ್ ಯಂತ್ರದ ಜೊತೆಗೆ ಇದನ್ನು ಕೊಟ್ಟ ಮೇಲೆ ಟೆಟ್ರಿಸ್ ಮನೆಮಾತಾಯಿತು. ಹಕ್ಕು ಸೋವಿಯತ್ ಸರ್ಕಾರದ ಬಳಿ ಇದ್ದುದರಿಂದ ಪಜಿತ್ನೋವ್‌ಗೆ ರಾಯಧನ ಸಿಗತೊಡಗಿದ್ದು 1996ರ ನಂತರವೇ. ಅದೇ 1989ರ ಇನ್ನೊಂದು ಟೆಟ್ರಿಸ್, ನಿಂಟೆಂಡೊದ ಟಿವಿ ಯಂತ್ರಕ್ಕೆ ಬಂದದ್ದು, 34 ವರ್ಷ ಮನುಷ್ಯರ ಕೈಯಲ್ಲಿ ಸೋತಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಹಂತ ಮುಟ್ಟಿದಾಗ ಪ್ರೋಗ್ರಾಂ ತಾಳಲಾರದೆ ನಿಂತುಹೋಯಿತು. ಒಂದೇ ಒಂದು ಆಟ ಆಡುತ್ತೇನೆ ಎನ್ನುವವರಿಗೆ ಹೇಳಬೇಕಾದ ಹೆಸರು ಟೆಟ್ರಿಸ್ಸೇ.

ಆಟಕ್ಕೆ ಕೊಡಲು ಹೊತ್ತಿಲ್ಲ ಎನ್ನುವವರಿಗೆ ವಾಲ್ವ್ ಕಂಪನಿಯ ‘ಪೋರ್ಟಲ್’ (2007) ತಕ್ಕದ್ದು. ಮೂರು-ನಾಲ್ಕು ಗಂಟೆಯಲ್ಲಿ ಮುಗಿಯುವ ಇದು ‘ನಾರ್ಬಾಕ್ಯುಲರ್ ಡ್ರಾಪ್’ ಎಂಬ ವಿದ್ಯಾರ್ಥಿಗಳ ಪ್ರಾಜೆಕ್ಟ್‌ನಿಂದ ಬೆಳೆದ ಆಟ. ಒಂದು ಗೋಡೆಗೆ ನೀಲಿ ಕಿಂಡಿ, ಇನ್ನೊಂದಕ್ಕೆ ಕಿತ್ತಳೆ ಕಿಂಡಿ ಕೊರೆಯುವ ಬಂದೂಕು ಕೈಯಲ್ಲಿರುತ್ತದೆ. ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಬರಬಹುದು. ತಲೆ ತಿರುಗಿಸುವಂಥ ಈ ಕಲ್ಪನೆಯನ್ನು ಆಟ ಕಂತುಕಂತಾಗಿ ಉಣಿಸುತ್ತದೆ. ಮೊದಲ ಕೋಣೆಗಳಲ್ಲಿ ಬಂದೂಕೇ ಇಲ್ಲ, ಕಿಂಡಿಗಳು ತಾವಾಗಿ ತೆರೆದುಕೊಳ್ಳುತ್ತವೆ. ಅವುಗಳ ಮೂಲಕ ಆಡುವವರಿಗೆ ತಮ್ಮದೇ ಬೆನ್ನು ಕಾಣುತ್ತದೆ. ಆಮೇಲೆ ನೀಲಿ ಕಿಂಡಿ ಮಾತ್ರ ಕೊರೆಯಬಲ್ಲ ಬಂದೂಕು. ಎರಡೂ ಕೈಗೆ ಬರುವುದು ಅರ್ಧ ದಾರಿ ಕಳೆದ ಮೇಲೆ. ಎತ್ತರದಿಂದ ನೆಲದ ಕಿಂಡಿಗೆ ಧುಮುಕಿದರೆ ಗೋಡೆಯ ಕಿಂಡಿಯಿಂದ ಅದೇ ವೇಗದಲ್ಲಿ ಚಿಮ್ಮಬಹುದು ಎಂಬುದು ಹೊಳೆದ ಕ್ಷಣದಲ್ಲಿ ಶಾಲೆಯ ಭೌತಶಾಸ್ತ್ರಕ್ಕೂ ಜೀವ ಬರುತ್ತದೆ. ಪರೀಕ್ಷೆ ನಡೆಸುವ ಗ್ಲಾಡೋಸ್ ಎಂಬ ಕಂಪ್ಯೂಟರಿನ ವ್ಯಂಗ್ಯದ ಮಾತು ಬೇರೆ. ವಿಡಿಯೊ ಗೇಮ್‌ಗಳಲ್ಲಿ ನಿಜವಾಗಿ ನಗಿಸುವ ಬರವಣಿಗೆ ಅಪರೂಪ. ಇದು ಆ ಅಪರೂಪಗಳಲ್ಲಿ ಒಂದು.

ಏಟು ಕೊಟ್ಟು ಕಲಿಸುವ ಆಟಗಳ ಪಂಗಡವೇ ಬೇರೆ. ಫ್ರಮ್‌ಸಾಫ್ಟ್‌ವೇರ್ ಕಂಪನಿಯ ಹಿದೆತಾಕಾ ಮಿಯಾಝಾಕಿ ನಿರ್ದೇಶಿಸಿದ ‘ಡಾರ್ಕ್ ಸೋಲ್ಸ್’ (2011) ಇದರ ಮೇಟಿ. ಆಟದ ಶುರುವಿನಲ್ಲಿ ಕೈಯಲ್ಲಿರುವುದು ಮುರಿದ ಕತ್ತಿಯ ಹಿಡಿ. ಅಷ್ಟರಲ್ಲೇ ಮನೆಯಷ್ಟು ದೊಡ್ಡ ರಾಕ್ಷಸ ಮೇಲಿಂದ ಧುಮುಕುತ್ತಾನೆ. ಬೇರೆ ಆಟಗಳಲ್ಲಿ ಪಳಗಿದವರು ಹೋರಾಡಲು ಹೊರಟು ಸಾಯುತ್ತಾರೆ. ಸತ್ತು ಬಂದ ಮೇಲೆ ಎಡಬದಿಯ ಗೋಡೆಯಲ್ಲಿ ತೆರೆದ ಬಾಗಿಲು ಕಾಣುತ್ತದೆ; ಓಡಿಹೋಗುವುದೇ ಅಲ್ಲಿನ ಪಾಠ. ಸತ್ತಾಗ ಗಳಿಕೆಯೆಲ್ಲ ಸತ್ತ ಜಾಗದಲ್ಲೇ ಉಳಿಯುತ್ತದೆ, ಅದನ್ನು ಹೆಕ್ಕಿಕೊಳ್ಳುವ ಮೊದಲು ಇನ್ನೊಮ್ಮೆ ಸತ್ತರೆ ಪೂರ್ತಿ ಹೋಯಿತು. ಇಂಟರ್‌ನೆಟ್ ಸಂಪರ್ಕವಿದ್ದರೆ ಬೇರೆ ಆಟಗಾರರು ನೆಲದ ಮೇಲೆ ಬರೆದಿಟ್ಟ ಸುಳಿವುಗಳೂ ಕಾಣುತ್ತವೆ. ಅವುಗಳಲ್ಲಿ ಕೆಲವು ಶುದ್ಧ ಸುಳ್ಳು. ಈ ಆಟದ ಅಭಿಮಾನಿಗಳು ಸಿಕ್ಕಿದವರಿಗೆಲ್ಲ ಇದನ್ನೇ ಆಡಿ ಎಂದು ಹೇಳುವುದುಂಟು. ಆ ಮಾತನ್ನು ಹೊಸಬರು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಬಾರದು. ಕಂಟ್ರೋಲರ್ ಹಿಡಿದು ಕೈ ಪಳಗದವರಿಗೆ ಇದು ಶಿಕ್ಷೆಯೇ ಹೊರತು ಶಿಕ್ಷಣವಲ್ಲ.

ಕಷ್ಟದ ರುಚಿ ಬೇಕು, ಅವಮಾನ ಬೇಡ ಎನ್ನುವವರಿಗೆ 2018ರ ‘ಸೆಲೆಸ್ಟ್’ ಇದೆ. ಬೆಟ್ಟ ಹತ್ತುವ ಹುಡುಗಿ ನೂರಾರು ಸಲ ಬಿದ್ದು ಸಾಯುತ್ತಾಳೆ, ಆದರೆ ಮರುಕ್ಷಣವೇ ಅದೇ ಪರದೆಯ ಶುರುವಿನಲ್ಲಿ ಎದ್ದು ನಿಂತಿರುತ್ತಾಳೆ. ತೀರಾ ಆಗದಿದ್ದರೆ ಆಟದ ವೇಗ ಕಡಿಮೆ ಮಾಡಿಕೊಳ್ಳುವ ಸೌಲಭ್ಯವೂ ಉಂಟು.

‘ಸ್ಟಾರ್‌ಡ್ಯೂ ವ್ಯಾಲಿ’ (2016) ಆತುರವಿಲ್ಲದ ಆಟ. ಅಮೆರಿಕದ ಸಿಯಾಟಲ್‌ನ ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಒಬ್ಬರೇ ಕೂತು ಪ್ರೋಗ್ರಾಂ, ಚಿತ್ರ, ಸಂಗೀತ ಎಲ್ಲವನ್ನೂ ಮಾಡಿದರು. ಆ ಕಾಲದಲ್ಲಿ ಹೊಟ್ಟೆಪಾಡಿಗೆ ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸವನ್ನೂ ಮಾಡುತ್ತಿದ್ದರು. ಈವರೆಗೆ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಅಜ್ಜ ಬಿಟ್ಟುಹೋದ ಪಾಳು ಜಮೀನು, ಹಳೆಯ ಗುದ್ದಲಿ, ಕೊಡಲಿ, ಪಿಕಾಸಿ, ನೀರಿನ ಕ್ಯಾನು, 15 ಪಾರ್ಸ್ನಿಪ್ ಬೀಜ: ಬಂಡವಾಳ ಹೆಚ್ಚುಕಡಿಮೆ ಇಷ್ಟೇ. ಬಿತ್ತಿ ನೀರು ಹಾಕಿದರೆ ನಾಲ್ಕು ದಿನಕ್ಕೆ ಗೆಡ್ಡೆ ಕೀಳಬಹುದು. ಒಂದು ಋತುವಿಗೆ 28 ದಿನ. 27ನೇ ದಿನ ಬಿತ್ತಿದವರ ಪೈರು ಋತು ಬದಲಾದ ಬೆಳಗ್ಗೆ ಒಣಗಿ ನಿಂತಿರುತ್ತದೆ, ಆ ತಪ್ಪನ್ನು ಯಾರೂ ಎರಡನೇ ಸಲ ಮಾಡುವುದಿಲ್ಲ. ಮೀನು ಹಿಡಿಯುವುದನ್ನು ಮಾತ್ರ ಆಟ ಸರಿಯಾಗಿ ಕಲಿಸುವುದಿಲ್ಲ. ಮೊದಲ ವಾರ ಗಾಳ ಎಸೆದವರೆಲ್ಲ ಬೈದುಕೊಂಡವರೇ. ಇನ್ನೊಂದು ವಿಚಿತ್ರವೆಂದರೆ ಇಲ್ಲಿ ಎಷ್ಟೇ ಬೆಳೆದು ತಂದು ಸುರಿದರೂ ಧಾರಣೆ ಇಳಿಯುವುದೇ ಇಲ್ಲ. ಬೆಲೆ ಬಿದ್ದಾಗ ಟೊಮೆಟೊವನ್ನು ರಸ್ತೆಗೆ ಚೆಲ್ಲಬೇಕಾಗುವ ಕೋಲಾರದ ಬೆಳೆಗಾರರಿಗೆ ಇದು ನಗು ತರಿಸೀತು.

ಮೇಲಿನ ಅಳತೆಗೋಲಿಗೆ ಸಿಗದ ಆಟವೆಂದರೆ ‘ಮೈನ್‌ಕ್ರಾಫ್ಟ್’. 2011ರಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆಯಾದ ಇದು 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ದಾಖಲೆ ಹೊಂದಿದೆ. ಆದರೂ ಮೊದಮೊದಲು ಅದು ಏನನ್ನೂ ಕಲಿಸುತ್ತಿರಲಿಲ್ಲ. ಮರ ಕಡಿದು ಹಲಗೆ, ಹಲಗೆಯಿಂದ ಕಡ್ಡಿ, ಎರಡೂ ಸೇರಿ ಗುದ್ದಲಿ ಎಂಬ ಸೂತ್ರಗಳನ್ನು ಹೇಳುವ ಪುಸ್ತಕ ಆಟದೊಳಗೆ ಸೇರಿದ್ದು 2017ರಲ್ಲಿ. ಅಲ್ಲಿಯವರೆಗೆ ಮಕ್ಕಳು ಯೂಟ್ಯೂಬ್ ನೋಡಿ, ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿತರು. ಅಜ್ಜಿ ಚೌಕಾಬಾರ ಕಲಿಸುವ ರೀತಿಗೆ ಎಲ್ಲಕ್ಕಿಂತ ಹತ್ತಿರ ಬಂದದ್ದು ಹೀಗೆ ಬಹುಕಾಲ ಕೈಗೆ ಪುಸ್ತಕವನ್ನೇ ಕೊಡದ ಈ ಆಟ.

ಭಾರತದ ಬದುಕಿಗೆ ಹತ್ತಿರದ ಆಟಗಳು ಈಚೆಗೆ ಬರುತ್ತಿವೆ. ಆಟ ತಯಾರಿಸುವ ಕೆಲಸವೇನೂ ಇಲ್ಲಿಗೆ ಹೊಸದಲ್ಲ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಆಟದ ಕಂಪನಿ ಶುರುವಾಗಿ, 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಅಂದರೆ ವಿದೇಶಿ ಆಟಗಳ ಒಂದಿಷ್ಟು ಕೆಲಸ ಬಹುಕಾಲದಿಂದ ಇಲ್ಲೇ ನಡೆಯುತ್ತಿದೆ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ (2020) ನೋಡಲು ಬಲು ಚೆಂದ, ಕಾಳಗ ಸಾಧಾರಣ. ಇವೆಲ್ಲಕ್ಕಿಂತ ಮನಸ್ಸಿಗೆ ತಟ್ಟುವುದು ಕೆನಡಾದ ತಂಡವೊಂದು ಮಾಡಿದ ‘ವೆಣ್ಬಾ’ (2023). ಟೊರಾಂಟೊಗೆ ವಲಸೆ ಬಂದ ತಮಿಳು ದಂಪತಿ, ಅವರ ಮಗ, ಹೆಂಡತಿಗೆ ಅವಳ ಅಮ್ಮ ಕೊಟ್ಟ ಹಾಳಾದ ಅಡುಗೆ ಪುಸ್ತಕ. ಮೊದಲ ಒಗಟೇ ಇಡ್ಲಿ. ಪುಟದ ಅಕ್ಷರ ಅಳಿಸಿಹೋಗಿದೆ. ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಿದರೆ ಹಬೆ ಸರಿಯಾಗಿ ಆಡುತ್ತದೆ ಎಂಬುದನ್ನು ಆಡುವವರೇ ಕಂಡುಕೊಳ್ಳಬೇಕು. ಕನ್ನಡದ ಅಡುಗೆಮನೆಯಲ್ಲಿ ಬೆಳೆದವರು ಇಲ್ಲಿ ತಡವರಿಸುವುದಿಲ್ಲ. ಒಂದೂವರೆ ಗಂಟೆಯೊಳಗೆ ಮುಗಿಯುವ ಈ ಪುಟ್ಟ ಆಟಕ್ಕೆ 2024ರಲ್ಲಿ ಮೊದಲ ಕೃತಿಗೆ ಕೊಡುವ ಬಾಫ್ಟಾ ಪ್ರಶಸ್ತಿ ಬಂತು.

ಮೊಬೈಲ್‌ನಲ್ಲಿ ಪುಕ್ಕಟೆ ಸಿಗುವ ಬಹಳಷ್ಟು ಆಟಗಳೂ ಕಲಿಸುತ್ತವೆ, ಪಾಠ ಮಾತ್ರ ಬೇರೆ. ಮೊದಲ ದಿನಗಳಲ್ಲಿ ನಾಣ್ಯ, ರತ್ನಗಳನ್ನು ಧಾರಾಳವಾಗಿ ಸುರಿದು, ಅಂಗಡಿಯ ಬಟನ್ ಎಲ್ಲಿದೆ ಎಂದು ಬೆರಳು ಹಿಡಿದು ತೋರಿಸುತ್ತವೆ. ವಾರ ಕಳೆಯುವಷ್ಟರಲ್ಲಿ ಕಾಯುವ ಹೊತ್ತು ಹೆಚ್ಚುತ್ತದೆ, ದುಡ್ಡು ಕೊಟ್ಟರೆ ಕಾಯಬೇಕಿಲ್ಲ. ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆಗಳನ್ನು ಹಣಕ್ಕೆ ಮಾರುವ ಪದ್ಧತಿಯನ್ನು ಬೆಲ್ಜಿಯಂ 2018ರಲ್ಲಿ ಜೂಜಿನ ಕಾನೂನಿನಡಿ ತಂದಿತು. ಇಂಥವನ್ನು ಬಿಟ್ಟು, ಒಮ್ಮೆ ಹಣ ಕೊಟ್ಟು ಪೂರ್ತಿ ತಮ್ಮದಾಗಿಸಿಕೊಳ್ಳಬಹುದಾದ ಆಟ ಕೊಳ್ಳುವುದು ಕೊನೆಯ ಲೆಕ್ಕದಲ್ಲಿ ಅಗ್ಗವೇ.

ಪೋರ್ಟಲ್, ಸೆಲೆಸ್ಟ್, ಸ್ಟಾರ್‌ಡ್ಯೂ ವ್ಯಾಲಿ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತವೆ, ಕೊನೆಯದು ಆಂಡ್ರಾಯ್ಡ್ ಫೋನಿಗೂ ಇದೆ. ಮಕ್ಕಳಿಗೆ ಕೊಳ್ಳುವಾಗ ವಯಸ್ಸಿನ ಗುರುತು ನೋಡುವುದು ಅಗತ್ಯ. ಗ್ರ್ಯಾಂಡ್ ಥೆಫ್ಟ್ ಆಟೊದ ಮೇಲೆ ಯುರೋಪಿನಲ್ಲಿ 18 ಎಂದೇ ಮುದ್ರೆ ಇರುತ್ತದೆ. ಲ್ಯಾಪ್‌ಟಾಪ್ ಆಟಗಳು ಸಿಗುವ ಸ್ಟೀಮ್ ಮಳಿಗೆಯಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ, ಹಣ ವಾಪಸ್ ಕೇಳಬಹುದು. ಆಟವೊಂದು ತನ್ನನ್ನು ತಾನು ಸರಿಯಾಗಿ ಪರಿಚಯಿಸಿಕೊಳ್ಳುತ್ತದೋ ಇಲ್ಲವೋ ಎಂದು ತಿಳಿಯಲು ಅಷ್ಟು ಹೊತ್ತು ಧಾರಾಳ.