ಬೋಳುತಲೆಗೆ ಬೋರ್‌ವೆಲ್ ಹೊಣೆಯಲ್ಲ

ಬೆಂಗಳೂರಿಗೆ ಕೆಲಸಕ್ಕೆ ಬಂದ ಹುಡುಗ ಹಬ್ಬಕ್ಕೆಂದು ಊರಿಗೆ ಹೋದಾಗ ಮನೆಯವರ ಕಣ್ಣು ಮೊದಲು ಬೀಳುವುದು ಅವನ ಹಣೆಯ ಮೇಲೆ. "ಇದೇನೋ ಮಗಾ, ಕೂದಲೆಲ್ಲ ಎಲ್ಲಿ ಹೋಯ್ತು?" ಎಂದು ಅಜ್ಜಿ ಕೇಳುತ್ತಾಳೆ. "ಬೆಂಗಳೂರು ನೀರಜ್ಜಿ, ಬರೀ ಬೋರ್‌ವೆಲ್ ನೀರು" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮನೆಮಂದಿಯೆಲ್ಲ ಹೌದೆಂದು ತಲೆಯಾಡಿಸುತ್ತಾರೆ. ಅದೇ ನಡುಮನೆಯ ಗೋಡೆಯ ಮೇಲಿನ ಫೋಟೋಗಳಲ್ಲಿ ಅವನ ತಾತ, ದೊಡ್ಡಪ್ಪ, ಸೋದರಮಾವ ಮೂವರದೂ ಬೋಳುತಲೆ. ಅವರೆಲ್ಲ ಹೊಳೆ, ಕೆರೆ, ಸಿಹಿನೀರಿನ ಬಾವಿಗಳಲ್ಲಿ ಮಿಂದವರು. ಆ ಫೋಟೋಗಳ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ.

ಗಡಸು ನೀರಿನಿಂದ ಕೂದಲು ಬುಡಸಹಿತ ಉದುರುತ್ತದೆ, ಮಳೆನೀರಿನಲ್ಲಿ ತೊಳೆದರೆ ಮತ್ತೆ ಹುಟ್ಟುತ್ತದೆ ಎಂಬ ನಂಬಿಕೆ ಈ ನಗರದಲ್ಲಿ ಬೇರೂರಿರುವಷ್ಟು ಆಳವಾಗಿ ಮತ್ತೊಂದು ನಂಬಿಕೆ ಬೇರೂರಿರಲಾರದು. ಮಾರತ್ತಹಳ್ಳಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಗಳಲ್ಲಿ ಕುಡಿಯಲು ತರಿಸಿದ 20 ಲೀಟರಿನ ಕ್ಯಾನ್ ನೀರನ್ನು ಬಕೆಟ್ಟಿಗೆ ಸುರಿದುಕೊಂಡು ತಲೆಸ್ನಾನ ಮಾಡುವವರಿದ್ದಾರೆ. ಬಾಡಿಗೆ ಮನೆ ನೋಡಲು ಬಂದವರು "ಕಾವೇರಿ ಇದೆಯಾ?" ಎಂದು ಕೇಳುವುದು ಅಡುಗೆಗಿಂತ ಹೆಚ್ಚಾಗಿ ತಲೆಗೂದಲಿನ ಚಿಂತೆಯಿಂದ. ಮಳೆ ಶುರುವಾದೊಡನೆ ಸೂರಿನಡಿ ಬಕೆಟ್ ಇಡುವವರಿಗೂ ಕೊರತೆಯಿಲ್ಲ.

ಗಡಸು ನೀರು ಕೂದಲಿಗೆ ಏನೂ ಮಾಡುವುದಿಲ್ಲ ಎಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಮಾಡುತ್ತದೆ. ಬೆಂಗಳೂರಿನ ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಅದರ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ನಗರದ ಹೊರವಲಯದ ಎಷ್ಟೋ ಬೋರ್‌ವೆಲ್‌ಗಳ ನೀರು ಮೊದಲ ಮಿತಿಯನ್ನು ಸಲೀಸಾಗಿ ದಾಟುತ್ತದೆ. ಕೂದಲಿನ ಹೊರಪದರದಲ್ಲಿ ಋಣ ವಿದ್ಯುದಂಶ ಇರುವುದರಿಂದ ಧನ ವಿದ್ಯುದಂಶದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಕೂದಲು ಒರಟಾಗುತ್ತದೆ, ಹೊಳಪು ಕಳೆದುಕೊಳ್ಳುತ್ತದೆ, ಬೇಗ ಸಿಕ್ಕಾಗುತ್ತದೆ. ಬಣ್ಣ ಹಾಕಿಸಿದ, ನೇರ ಮಾಡಿಸಿದ ಕೂದಲಿನಲ್ಲಿ ಇದು ಇನ್ನೂ ಹೆಚ್ಚು. ಸಿಕ್ಕು ಬಿಡಿಸುವಾಗ ಬಾಚಣಿಗೆ ಎಳೆದರೆ ಕೂದಲು ತುಂಡಾಗುತ್ತದೆ. ಇಷ್ಟು ನಿಜ.

ಆದರೆ ತುಂಡಾಗುವುದು ಬೇರೆ, ಬುಡದಿಂದ ಉದುರುವುದು ಬೇರೆ. ಇಡೀ ಗೊಂದಲ ಹುಟ್ಟಿರುವುದು ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದ.

ಚರ್ಮದ ಹೊರಗೆ ಕಾಣುವ ಕೂದಲು ಉಗುರಿನಂತೆ ಜೀವವಿಲ್ಲದ ವಸ್ತು. ಅದನ್ನು ಹುಟ್ಟಿಸುವ ಬುಡ ನೆತ್ತಿಯ ಚರ್ಮದೊಳಗೆ ಮೂರ್ನಾಲ್ಕು ಮಿಲಿಮೀಟರ್ ಆಳದಲ್ಲಿದೆ. ಅದಕ್ಕೆ ಆಹಾರ ತಲುಪುವುದು ರಕ್ತದಿಂದ, ಅದು ನಡೆಯುವುದು ಹಾರ್ಮೋನುಗಳ ಮಾತಿನಂತೆ. ತಲೆಯ ಮೇಲೆ ಸುರಿದ ಎರಡು ಬಕೆಟ್ ನೀರಿನ ಸುಣ್ಣದಂಶ ಚರ್ಮದ ತಡೆಯನ್ನು ದಾಟಿ ಅಲ್ಲಿಗಿಳಿದು ಬುಡವನ್ನು ಕೊಲ್ಲುವ ಯಾವ ದಾರಿಯೂ ಇಲ್ಲ. "ಗೀಸರ್ ಕಾಯಿಲ್ ಮೇಲೆ ಎಷ್ಟು ದಪ್ಪ ಸುಣ್ಣ ಕಟ್ಟಿದೆ ನೋಡಿ, ಇನ್ನು ತಲೆಯ ಗತಿ?" ಎಂದು ಕೇಳುವವರು ಹೆಚ್ಚು. ಕಾಯಿಲ್ ಮೇಲೆ ಸುಣ್ಣ ಕಟ್ಟುವುದು ನೀರು ಕಾಯ್ದಾಗ ಅದರಲ್ಲಿರುವ ಬೈಕಾರ್ಬನೇಟ್ ಒಡೆಯುವುದರಿಂದ. ಯಾರ ನೆತ್ತಿಯೂ ಅಷ್ಟು ಬಿಸಿ ಏರುವುದಿಲ್ಲ.

ಇದನ್ನು ಪರೀಕ್ಷಿಸಿಯೂ ನೋಡಲಾಗಿದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಮಿಳುನಾಡಿನ ಚರ್ಮತಜ್ಞರು 15 ಜನರ ಕೂದಲು ಪಡೆದು, ಪ್ರತಿಯೊಂದನ್ನೂ ಮಧ್ಯಕ್ಕೆ ಕತ್ತರಿಸಿ, ಒಂದು ಅರ್ಧವನ್ನು ಗಡಸು ನೀರಿನಲ್ಲೂ ಇನ್ನೊಂದನ್ನು ಭಟ್ಟಿ ಇಳಿಸಿದ ನೀರಿನಲ್ಲೂ 30 ದಿನಗಳ ಅವಧಿಯಲ್ಲಿ ಮತ್ತೆ ಮತ್ತೆ ಅದ್ದಿದರು. ಕೊನೆಗೆ ಎಳೆದು ಬಲ ಅಳೆದಾಗ ಎರಡರ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. 2018ರಲ್ಲಿ ಪಾಕಿಸ್ತಾನದ ವೈದ್ಯರು ಗಂಡಸರ ಕೂದಲಿನ ಮೇಲೆ ಇಂಥದೇ ಪ್ರಯೋಗ ಮಾಡಿ, ಗಡಸು ನೀರಿನಲ್ಲಿಟ್ಟ ಕೂದಲಿನ ಬಲ ತಗ್ಗಿದೆ ಎಂದರು. ಗಡಸು ನೀರಿಗೆಂದು ಫಿಲ್ಟರ್ ಮಾರುವವರು ಎತ್ತಿ ಹಿಡಿಯುವುದು ಈ ಎರಡನೆಯದನ್ನು. ಅವರು ಹೇಳದೆ ಬಿಡುವ ಸಂಗತಿಯೆಂದರೆ, ಎರಡೂ ಕಡೆ ಅಳೆದದ್ದು ತಲೆಯಿಂದ ಬೇರೆಯಾದ ಕೂದಲಿನ ಬಲವನ್ನು. ಬೋಳಾಗುವುದರ ಮಾತು ಎರಡರಲ್ಲೂ ಇಲ್ಲ.

ಪ್ರಯೋಗಾಲಯವೇ ಬೇಡ, ಕರ್ನಾಟಕದ ನಕ್ಷೆ ಸಾಕು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ತೀರ್ಥಹಳ್ಳಿ, ಶಿರಸಿ, ಸುಳ್ಯದ ಕಡೆಯ ಬಾವಿ ನೀರಿನಲ್ಲಿ ಸೋಪು ಒಮ್ಮೆ ಉಜ್ಜಿದರೆ ಸಾಕು, ನೊರೆ ಉಕ್ಕುತ್ತದೆ. ನೀರೇ ಕಾರಣವಾಗಿದ್ದರೆ ಮಲೆನಾಡಿನಲ್ಲಿ ಬೋಳುತಲೆಯವರೇ ಇರಬಾರದಿತ್ತು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಒಂದು ಸುತ್ತು ಕಣ್ಣು ಹಾಯಿಸಿದವರಿಗೆ ಉತ್ತರ ಗೊತ್ತು. ಇತ್ತ ಕೋಲಾರ, ಚಿಕ್ಕಬಳ್ಳಾಪುರ, ವಿಜಯಪುರ, ರಾಯಚೂರಿನ ಹಳ್ಳಿಗಳಲ್ಲಿ ದಶಕಗಳಿಂದ ಕೊಳವೆಬಾವಿ ನೀರಿನಲ್ಲೇ ಮಿಂದ ಹೆಂಗಸರ ಮಾರುದ್ದದ ಜಡೆಗಳನ್ನು ಈ ಸಿದ್ಧಾಂತ ಹೇಗೆ ವಿವರಿಸುತ್ತದೆ?

ಹಾಗಾದರೆ ಬೆಂಗಳೂರಿಗೆ ಬಂದ ಮೇಲೇ ಉದುರಿತಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಬರುವ ವಯಸ್ಸು ನೋಡಬೇಕು. ಇಪ್ಪತ್ತೊಂದು, ಇಪ್ಪತ್ತೆರಡು. ಗಂಡಸರಲ್ಲಿ ವಂಶಪಾರಂಪರ್ಯದ ಬೋಳು ತಲೆದೋರುವುದೇ ಆ ಹೊತ್ತಿಗೆ. ಅವನು ಊರಲ್ಲೇ ಉಳಿದಿದ್ದರೂ ಹಣೆಯ ಎರಡು ಮೂಲೆ ಹಿಂದೆ ಸರಿಯುತ್ತಲೇ ಇರುತ್ತಿದ್ದವು. ಇನ್ನೊಂದು ಕಾರಣ ತಡವಾಗಿ ಮುಖ ತೋರಿಸುವಂಥದ್ದು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ, ದಿನಕ್ಕೆ 50ರಿಂದ 100 ಉದುರುವುದು ಸಹಜ. ಡೆಂಗಿ, ಟೈಫಾಯ್ಡ್‌ನಂಥ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಏಕಾಏಕಿ ಊಟ ಬಿಟ್ಟು ತೂಕ ಇಳಿಸುವುದು, ತೀವ್ರ ಮಾನಸಿಕ ಒತ್ತಡ ಇವುಗಳ ಪೆಟ್ಟಿಗೆ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೆ ವಿಶ್ರಾಂತಿ ಹಂತಕ್ಕೆ ಜಾರುತ್ತವೆ. ಅವು ಉದುರುವುದು ಎರಡು ಮೂರು ತಿಂಗಳ ನಂತರ. ಕೋವಿಡ್ ಬಂದು ಹೋದ ಮೇಲೆ ಸಾವಿರಾರು ಮನೆಗಳು ಇದನ್ನು ಕಣ್ಣಾರೆ ಕಂಡಿವೆ. ಅಷ್ಟು ಹೊತ್ತಿಗೆ ಜ್ವರದ ನೆನಪು ಮಾಸಿರುತ್ತದೆ. ಕಣ್ಣೆದುರಿಗಿರುವುದು ಬಚ್ಚಲಿನ ನಲ್ಲಿ. ತಪ್ಪು ಅದರ ತಲೆಗೆ ಬೀಳುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ತಪ್ಪು ಇನ್ನೂ ದುಬಾರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು. ಕಬ್ಬಿಣದ ಕೊರತೆ, ಥೈರಾಯ್ಡ್ ತೊಂದರೆ ಎರಡೂ ಕೂದಲು ಉದುರಿಸುತ್ತವೆ, ಎರಡನ್ನೂ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಪತ್ತೆಹಚ್ಚಬಹುದು, ಎರಡಕ್ಕೂ ಮದ್ದಿದೆ. ನೀರನ್ನು ಬೈಯುತ್ತ ಕುಳಿತ ಹುಡುಗಿ ಆ ಪರೀಕ್ಷೆ ಮಾಡಿಸುವುದೇ ಇಲ್ಲ.

ಉದುರಿದ್ದು ಯಾವ ಬಗೆಯದು ಎಂದು ತಿಳಿಯಲು ಒಂದು ಸರಳ ದಾರಿಯಿದೆ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ಅದರ ಕಾರಣ ಮೈಯೊಳಗಿದೆ. ಗಂಟಿಲ್ಲದ ಗಿಡ್ಡ ತುಂಡುಗಳಾಗಿದ್ದರೆ ಅದು ಮುರಿದದ್ದು. ಅಲ್ಲಿ ನೀರು, ಹೇರ್ ಡ್ರೈಯರ್, ಒದ್ದೆ ತಲೆಯನ್ನು ಬರಬರನೆ ಬಾಚುವ ಅಭ್ಯಾಸ ಇವುಗಳ ಪಾಲಿದೆ.

ಮಳೆನೀರಿನ ಮೇಲಿನ ಅಜ್ಜಿಯಂದಿರ ಪ್ರೀತಿ ಸುಳ್ಳಿನ ಮೇಲೆ ನಿಂತದ್ದಲ್ಲ. ಹಿಂದೆ ತಲೆಗೂ ಮೈಗೂ ಒಂದೇ ಬಾರ್ ಸೋಪು. ಸೋಪಿನ ಕೊಬ್ಬಿನಾಮ್ಲ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿದರೆ ನೀರಿನಲ್ಲಿ ಕರಗದ ಅಂಟು ಗಸಿಯಾಗುತ್ತದೆ, ಕೂದಲಿಗೆ ಮೆತ್ತಿಕೊಳ್ಳುತ್ತದೆ. ಮಳೆನೀರಿನಲ್ಲಿ ಲವಣಗಳೇ ಇಲ್ಲದಷ್ಟು ಕಡಿಮೆ, ಆದ್ದರಿಂದ ಗಸಿಯೂ ಇಲ್ಲ, ಕೂದಲು ರೇಷ್ಮೆಯಾಗುತ್ತಿತ್ತು. ಇಂದಿನ ಶಾಂಪೂಗಳಲ್ಲಿರುವುದು ಬೇರೆ ಬಗೆಯ ಮಾರ್ಜಕ. ಅದು ಹಾಗೆ ಗಸಿಗಟ್ಟುವುದಿಲ್ಲ, ಜೊತೆಗೆ ಕ್ಯಾಲ್ಸಿಯಂ ಹಿಡಿದಿಡುವ ಇ.ಡಿ.ಟಿ.ಎ.ಯಂಥ ವಸ್ತುವನ್ನೂ ಹಲವು ಶಾಂಪೂಗಳಿಗೆ ಬೆರೆಸಿರುತ್ತಾರೆ. ಸೀಗೆಕಾಯಿ, ಅಂಟುವಾಳದ ನೊರೆಗೂ ಸೋಪಿನ ಈ ದೋಷ ಇಲ್ಲ. ಹಳೆಯ ವ್ಯತ್ಯಾಸ ಈಗ ಬಹಳ ಕಿರಿದಾಗಿದೆ. ಕೊನೆಯಲ್ಲಿ ಎರಡು ಚೊಂಬು ಶುದ್ಧ ಮಳೆನೀರು ಸುರಿದುಕೊಂಡರೆ ಕೂದಲು ನಯವಾಗುತ್ತದೆ ಎನ್ನುವುದು ಸರಿ. ಒಂದು ಕೂದಲೂ ಹೊಸದಾಗಿ ಹುಟ್ಟುವುದಿಲ್ಲ ಎನ್ನುವುದೂ ಅಷ್ಟೇ ಸರಿ. ನಯವಾಗಿಸುವ ಕೆಲಸವನ್ನು ಕಂಡಿಷನರ್ ಕೂಡ ಮಾಡುತ್ತದೆ.

ಮಳೆನೀರು ಅಮೃತದಷ್ಟು ಶುದ್ಧ ಎಂಬುದೂ ತಪ್ಪು. ಅದು ಆಕಾಶದಲ್ಲೇ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ತುಸು ಆಮ್ಲೀಯವಾಗಿರುತ್ತದೆ, ಮೊದಲ ಹನಿಗಳು ನಗರದ ಧೂಳನ್ನೂ ಛಾವಣಿಯ ಪಾರಿವಾಳದ ಹಿಕ್ಕೆಯನ್ನೂ ತೊಳೆದುಕೊಂಡೇ ಇಳಿಯುತ್ತವೆ. ಸ್ವಾತಿ ಮಳೆಯ ನೀರು ಎಷ್ಟು ವರ್ಷವಾದರೂ ಕೆಡುವುದಿಲ್ಲ ಎಂದು ಡ್ರಮ್ಮಿನಲ್ಲಿ ತೆರೆದಿಟ್ಟರೆ ಅದರಲ್ಲಿ ಹುಟ್ಟುವುದು ಡೆಂಗಿಯ ಸೊಳ್ಳೆ. ಮಳೆಯಲ್ಲಿ ನೆನೆದರೆ ಕೂದಲು ಉದುರುತ್ತದೆ ಎಂಬುದು ಇದೇ ಜನರ ಇನ್ನೊಂದು ನಂಬಿಕೆ. ಮಳೆನೀರು ಕೂದಲು ಹುಟ್ಟಿಸುತ್ತದೆ, ಮಳೆ ಕೂದಲು ಉದುರಿಸುತ್ತದೆ ಎಂಬ ಎರಡೂ ಒಂದೇ ಮನೆಯಲ್ಲಿ ಜೊತೆಯಾಗಿ ಬಾಳುತ್ತವೆ.

ಈ ಭಯದಿಂದ ಬೆಳೆದ ಮಾರುಕಟ್ಟೆಯನ್ನು ನೋಡಿದರೆ ಸಿಟ್ಟು ಬರುತ್ತದೆ. ಷವರ್‌ಗೆ ತಿರುಗಿಸಿ ಕೂರಿಸುವ ಅಂಗೈಯಗಲದ ಫಿಲ್ಟರನ್ನು ಸಾವಿರಾರು ರೂಪಾಯಿಗೆ ಮಾರುತ್ತಾರೆ. ಲೆಕ್ಕ ಕಠಿಣವೇನಲ್ಲ. ಗಡಸುತನ ತೆಗೆಯುವುದು ರೆಸಿನ್ ಎಂಬ ಸಣ್ಣ ಮಣಿಗಳು. ಒಂದು ಲೀಟರ್ ರೆಸಿನ್ ಹೆಚ್ಚೆಂದರೆ ಸುಮಾರು 100 ಗ್ರಾಂ ಗಡಸುತನವನ್ನು ಹಿಡಿಯಬಲ್ಲದು. ಷವರ್ ಫಿಲ್ಟರಿನಲ್ಲಿ 100 ಮಿಲಿಲೀಟರ್ ರೆಸಿನ್ ಇದ್ದರೆ ಅದರ ಶಕ್ತಿ 10 ಗ್ರಾಂ. ಲೀಟರಿಗೆ 500 ಮಿಲಿಗ್ರಾಂ ಗಡಸುತನದ ಬೋರ್‌ವೆಲ್ ನೀರಾದರೆ 20 ಲೀಟರಿಗೆ, ಅಂದರೆ ಒಂದು ಬಕೆಟ್ಟಿಗೆ, ಅದು ಮುಗಿದುಹೋಯಿತು. ಉಪ್ಪುನೀರು ಹಾಯಿಸಿ ಅದನ್ನು ಮತ್ತೆ ಚುರುಕುಗೊಳಿಸಬೇಕು. ಅಪಾರ್ಟ್‌ಮೆಂಟಿನ ದೊಡ್ಡ ಸಾಫ್ಟನರ್‌ಗೆ ಮೂಟೆಗಟ್ಟಲೆ ಉಪ್ಪು ಸುರಿಯುವುದು ಅದಕ್ಕೇ. ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ ಎಂಬ ಪುಟ್ಟ ಫಿಲ್ಟರ್ ಸ್ವಲ್ಪ ಕ್ಲೋರಿನ್ ತೆಗೆಯಬಹುದು, ಗಡಸುತನವನ್ನಂತೂ ತೆಗೆಯಲಾರದು. ಮನೆಗೆ ಬಂದು, ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ ತೋರಿಸುವ ಟಿ.ಡಿ.ಎಸ್. ಪೆನ್ ಅದ್ದಿ ಹೆದರಿಸುವವರ ಕೈಯಲ್ಲಿರುವ ಉಪಕರಣ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಗಡಸುತನ ಎಷ್ಟೆಂದು ಅದಕ್ಕೆ ಗೊತ್ತಾಗುವುದಿಲ್ಲ. ಓದಿದವರು, ದಿನವಿಡೀ ದತ್ತಾಂಶದ ಜೊತೆ ಕೆಲಸ ಮಾಡುವ ಎಂಜಿನಿಯರುಗಳು, ರೀಲ್ಸ್‌ನಲ್ಲಿ ಯಾರೋ ಎರಡು ಫೋಟೋ ತೋರಿಸಿದೊಡನೆ ಒಂದು ಪ್ರಶ್ನೆಯನ್ನೂ ಕೇಳದೆ ದುಡ್ಡು ಕೊಡುತ್ತಾರೆ. ಕಚೇರಿಯಲ್ಲಿ ಕೇಳುವ ಪುರಾವೆಯನ್ನು ಬಚ್ಚಲಿಗೆ ಬಂದಾಗ ಯಾಕೆ ಕೇಳಬಾರದು?

ಮಳೆನೀರು ಹಿಡಿಯಲು ಕೂದಲಿಗಿಂತ ಎಷ್ಟೋ ದೊಡ್ಡ ಕಾರಣ ಈ ಊರಿಗಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. ಸಾವಿರ ಚದರಡಿ ತಾರಸಿಯ ಮೇಲೆ ಬೀಳುವ ನೀರು ಸುಮಾರು 90,000 ಲೀಟರ್. ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಅವರ ಕುಟುಂಬ 1990ರ ದಶಕದಲ್ಲಿ ಕಟ್ಟಿದ 'ಸೌರಭ' ಮನೆಯಲ್ಲಿ ಮಳೆನೀರನ್ನೇ ನಂಬಿ ಬದುಕಿ ತೋರಿಸಿತು. 2009ರಿಂದ ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವೂ ಆಗಿದೆ. 2024ರ ಬೇಸಿಗೆಯಲ್ಲಿ ನಗರದ ಸರ್ಕಾರಿ ಬೋರ್‌ವೆಲ್‌ಗಳು ಸಾವಿರಗಟ್ಟಲೆ ಬತ್ತಿದಾಗ ಜನ ಟ್ಯಾಂಕರಿಗೆ ಕಾದು ನಿಂತರು. ತಾರಸಿಯ ನೀರು ಸಂಪಿಗೂ ಇಂಗುಬಾವಿಗೂ ಇಳಿದರೆ ಕೊಳವೆಬಾವಿ ಬದುಕುತ್ತದೆ, ಅದರ ಗಡಸುತನವೂ ಮೆಲ್ಲಗೆ ತಗ್ಗಬಹುದು.

ಕೂದಲ ವಿಷಯಕ್ಕೆ ಬಂದರೆ, ವಂಶದ ಬೋಳಿಗೆ ಪರಿಣಾಮ ಸಾಬೀತಾದ ಔಷಧಗಳಿವೆ, ಆದರೆ ಅವು ಉಳಿದ ಬುಡಗಳನ್ನು ಕಾಯುತ್ತವೆಯೇ ಹೊರತು ಪೂರ್ತಿ ಸೊರಗಿದ ಬುಡಕ್ಕೆ ಜೀವ ತುಂಬಲಾರವು. ಫಿಲ್ಟರ್ ಬದಲಿಸುತ್ತ, ಕ್ಯಾನ್ ನೀರು ಸುರಿಯುತ್ತ ಕಳೆದ ಮೂರು ನಾಲ್ಕು ವರ್ಷಗಳನ್ನು ಯಾವ ವೈದ್ಯರೂ ಹಿಂದಕ್ಕೆ ತಂದುಕೊಡಲಾರರು. ಬಿಳಿ ಗಂಟಿನ ಕೂದಲು ತಿಂಗಳುಗಟ್ಟಲೆ ಕಂತೆಯಾಗಿ ಬರುತ್ತಿದ್ದರೆ, ಬೈತಲೆ ಅಗಲವಾಗುತ್ತಿದ್ದರೆ, ಮೊದಲು ಚರ್ಮರೋಗ ತಜ್ಞರನ್ನು ಕಂಡು ಹಿಮೋಗ್ಲೋಬಿನ್, ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ನೀರಿನ ಪರೀಕ್ಷೆ ಆಮೇಲೆ ನೋಡಿಕೊಳ್ಳಬಹುದು.